ಪೂಜಾ ಕೇಳಿದ ಪ್ರಶ್ನೆ

ಮಹೇಶ್ ಭಟ್ ನಿರ್ದೇಶಿಸಿದ ‘ಅರ್ಥ್’ ಸಿನೆಮಾ ಬಂದದ್ದು 1982ರಲ್ಲಿ. ಗಂಡ ಇಂದರ್ ನಟಿ ಕವಿತಾಳ ಹಿಂದೆ ಹೋಗುತ್ತಾನೆ, ಹೆಂಡತಿ ಪೂಜಾ ಒಂಟಿಯಾಗುತ್ತಾಳೆ. ಕವಿತಾಳಿಗಾದರೂ ನೆಮ್ಮದಿ ಸಿಕ್ಕಿತಾ? ಅದೂ ಇಲ್ಲ, ಭಯ ಅವಳ ಮನಸ್ಸನ್ನೇ ತಿನ್ನುತ್ತದೆ. ಕೊನೆಗೆ ಅವಳೂ ದೂರವಾದಾಗ ಇಂದರ್ ಕ್ಷಮೆ ಕೇಳುತ್ತಾ ಹೆಂಡತಿಯ ಬಳಿ ಬರುತ್ತಾನೆ. ಪೂಜಾ ಕೇಳುವುದು ಒಂದೇ: ಇದನ್ನೇ ನಾನು ಮಾಡಿ ಬಂದಿದ್ದರೆ ನೀನು ಸೇರಿಸಿಕೊಳ್ಳುತ್ತಿದ್ದೆಯಾ? ಇಲ್ಲ ಎನ್ನುತ್ತಾನೆ. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯದು. ಪೂಜಾ ಹೊರಟುಬಿಡುತ್ತಾಳೆ.

ನಮ್ಮಲ್ಲಿ ಇಂಥ ಪಂಚಾತಿಕೆಗೆ ಕೂತ ಹಿರಿಯರು, ‘ಗಂಡಸಲ್ವಾ, ಈಗ ಬುದ್ಧಿ ಬಂದಿದೆ, ಮಕ್ಕಳ ಮುಖ ನೋಡಿ ಸಹಿಸಿಕೋ ಮಗಳೇ’ ಎನ್ನುವುದಿದೆ. ಹಾಗೆ ಹೇಳುವ ಮೊದಲು ಪೂಜಾಳ ಪ್ರಶ್ನೆಯನ್ನು ಆ ಗಂಡನಿಗೂ ಒಮ್ಮೆ ಕೇಳಲಿ. ಉತ್ತರ ಅವಳ ಎದುರಲ್ಲೇ ಬರಲಿ.