ಕೈಸೇರದ ಷೇರೂ ಪರಿಗ್ರಹವೇ?

ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ ಕಲಬುರಗಿಯ ನಮ್ಮ ಮನೆಗೆ ಕಮಲಾಪುರದ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಬೆಂಗಳೂರಿನಲ್ಲಿ, ಷೇರುಪೇಟೆಗೆ ಬಂದಿರುವ ಆಹಾರ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಲು ನಿಶ್ಚಯಿಸಿ ಹೊಲ, ಮನೆ, ಬಂಗಾರ, ಠೇವಣಿಗಳ ಪಟ್ಟಿಯನ್ನು ಬರೆದು ತಂದಿದ್ದ. ಸಂಬಳದ ಭಾಗವಾಗಿ ಕಂಪನಿ ಕೊಡಮಾಡಿದ ಷೇರುಗಳು ಮಾತ್ರ ಅದರಲ್ಲಿರಲಿಲ್ಲ. ಕೇಳಿದರೆ, “ಸರ್, ಅವು ಇನ್ನೂ ನನ್ನ ಕೈಗೆ ಬಂದಿಲ್ರಿ” ಎಂದ.

ಕಾನೂನಿನ ದೃಷ್ಟಿಯಿಂದ ಅವನ ಮಾತು ಸರಿ. ನೌಕರರ ಷೇರು ಆಯ್ಕೆ ಯೋಜನೆಯಲ್ಲಿ ಮೊದಲು ದೊರೆಯುವುದು ಷೇರಲ್ಲ. ಗೊತ್ತುಪಡಿಸಿದ ಬೆಲೆಗೆ ಅದನ್ನು ಮುಂದೆ ಕೊಳ್ಳುವ ಹಕ್ಕು. ಸೆಬಿಯ 2021ರ ನಿಯಮದಂತೆ ಆ ಹಕ್ಕು ಪಕ್ವವಾಗಲು ಕನಿಷ್ಠ 1 ವರ್ಷ ಕಾಯಬೇಕು. ಹಕ್ಕು ಚಲಾಯಿಸಿದ ದಿನದ ಪೇಟೆ ಬೆಲೆಗೂ ನೌಕರ ತೆತ್ತ ಬೆಲೆಗೂ ಇರುವ ಅಂತರವನ್ನು ಆದಾಯ ತೆರಿಗೆಯವರು ಸಂಬಳವೆಂದೇ ಎಣಿಸುತ್ತಾರೆ. ಅಲ್ಲಿಯವರೆಗೆ ತೆರಿಗೆಯ ಲೆಕ್ಕದಲ್ಲಿ ಅದು ಸೊನ್ನೆ.

ವ್ರತದ ಲೆಕ್ಕ ಬೇರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಿಂದಲ್ಲ, ಮೂರ್ಛೆಯಿಂದ ಗುರುತಿಸಿದರು. ‘ನನ್ನದು’ ಎಂಬ ಮಮತ್ವವೇ ಆ ಮೂರ್ಛೆ. ನಾವು ಮಾತನಾಡುತ್ತಿದ್ದ ಅರ್ಧ ಗಂಟೆಯಲ್ಲಿ ಆತ ಮೊಬೈಲಿನಲ್ಲಿ ಷೇರಿನ ಧಾರಣೆಯನ್ನು ಮೂರು ಸಲ ನೋಡಿದ. ಕೈಗೆ ಬಾರದ ವಸ್ತುವಿಗೆ ಇಷ್ಟು ಕಾವಲು! ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದೇ ಅದು ಎಂದೆ.

ದುಡಿದವನಿಗೆ ಸಂಸ್ಥೆಯ ಏಳಿಗೆಯಲ್ಲಿ ಪಾಲು ದೊರೆಯುವುದು ನ್ಯಾಯವೇ. ಅದನ್ನು ನಾನು ಹಳಿಯಲಾರೆ. ಬೆಂಗಳೂರಿನ ಸ್ವಿಗ್ಗಿ ಪ್ರತಿ ಷೇರಿಗೆ 390 ರೂಪಾಯಿ ನೀಡಿಕೆ ಬೆಲೆಯೊಡನೆ 2024ರ ನವೆಂಬರ್ 13ರಂದು ಷೇರುಪೇಟೆ ಪ್ರವೇಶಿಸಿದಾಗ, ಅದರ ನೂರಾರು ನೌಕರರು ಕೋಟ್ಯಧೀಶರಾದರೆಂದು ಪತ್ರಿಕೆಗಳು ಬರೆದವು. ಪಿಂಚಣಿದಾರನಾದ ನಾನೂ ಬೆರಗಾಗಿ ಎರಡೆರಡು ಸಲ ಓದಿದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರು ಈ ವ್ರತದ ಐದು ಅತಿಚಾರಗಳಲ್ಲಿ ಪರರ ಸಂಪತ್ತಿಗೆ ಬೆರಗಾಗುವ ವಿಸ್ಮಯವನ್ನೂ ಸೇರಿಸಿದ್ದಾರೆ. ಆ ದೋಷ ಶಿಷ್ಯನದಲ್ಲ, ನನ್ನದು. ಕೆಲವೇ ತಿಂಗಳಲ್ಲಿ ಆ ಷೇರು 390ಕ್ಕಿಂತ ಕೆಳಗಿಳಿಯಿತು; ನನ್ನ ವಿಸ್ಮಯವೂ ಇಳಿಯಿತೆಂಬುದು ಹೆಮ್ಮೆಪಡುವ ಸಂಗತಿಯಲ್ಲ.

ಅದೇ ಐದರಲ್ಲಿ ಮೊದಲನೆಯದು ಅತಿವಾಹನ, ಅಂದರೆ ಲೋಭದಿಂದ ಎತ್ತು ಕುದುರೆಗಳನ್ನು ಶಕ್ತಿ ಮೀರಿ ಓಡಿಸುವುದು. ಕೊನೆಯದು ಶಕ್ತಿ ಮೀರಿ ಭಾರ ಹೊರಿಸುವುದು. ಇಂದು ಊಟದ ಪೊಟ್ಟಣ ಹೊತ್ತು ಬಿಸಿಲು ಮಳೆಯೆನ್ನದೆ ಬೈಕು ಓಡಿಸುವ ಹುಡುಗರು ಕಾಗದದಲ್ಲಿ ನೌಕರರಲ್ಲ, ‘ಪಾರ್ಟ್‌ನರ್’ಗಳು. ಹೆಸರು ಪಾಲುದಾರನದು, ನೌಕರರ ಷೇರಿನಲ್ಲಿ ಪಾಲಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ನನ್ನ ಶಿಷ್ಯನ ತಂದೆಗೂ ಸಿಗುವುದು ಅಂದಂದಿನ ಧಾರಣೆಯಷ್ಟೇ. ಷೇರಿನ ಬೆಲೆ ಯಾರ ಓಟದಿಂದ, ಯಾರ ಬೆಳೆಯಿಂದ ಏರುತ್ತದೆಂದು ವ್ರತಿಯಾದವನು ಕೇಳಿಕೊಳ್ಳಬೇಡವೇ?

ಬೆಲೆ ಏರಿದ ಮೇಲೆ ಮಿತಿ ಹಾಕಿಕೊಳ್ಳುವೆನೆಂದರೆ ಮಿತಿಯೂ ಬೆಲೆಯೊಡನೆ ಏರುತ್ತದೆ. ಆದ್ದರಿಂದ ಷೇರು ಪಕ್ವವಾಗುವ ಮುನ್ನವೇ ಮೊತ್ತ ಬರೆದಿಡು, ಮೀರಿದ್ದನ್ನು ಆಹಾರದಾನಕ್ಕೆ ತೆಗೆದಿಡು ಎಂದು ಹೇಳಿದೆ. ಆಹಾರದಿಂದ ಬಂದದ್ದು ಆಹಾರಕ್ಕೆ.

ಅವನು ಷೇರುಗಳ ಸಂಖ್ಯೆಯನ್ನು ಪಟ್ಟಿಗೆ ಸೇರಿಸಿದ. ಮಿತಿಯ ಜಾಗವನ್ನು ಖಾಲಿ ಬಿಟ್ಟ. ದೀಪಾವಳಿಗೆ ಊರಿಗೆ ಬಂದಾಗ, ಮಹಾವೀರ ನಿರ್ವಾಣ ಪೂಜೆಯ ನಂತರ ತುಂಬುತ್ತೇನೆಂದು ಹೇಳಿ ಹೋಗಿದ್ದಾನೆ.