ಗಾಡಿ ಉಳಿಯಿತು, ಕಟ್ಟಿದವರ ಮಾತೂ ಉಳಿಯಲಿ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಗಾಡಿಗಳಿಗೆ ಹಬ್ಬ. ಹಳೆಯ ಗಾಡಿಗಳು ಮೈ ತೊಳೆದುಕೊಂಡು, ಜೋಡಿ ಸೈಲೆನ್ಸರ್ ಮಿಂಚಿಸುತ್ತ ಸಾಲುಗಟ್ಟಿ ಹೊರಡುತ್ತವೆ. ಅವನ್ನು ಕಟ್ಟಿದ ಕಾರ್ಖಾನೆಯ ಹಳಬರು ಸಿಕ್ಕರೆ ಶಾಲು ಹೊದಿಸಿ, ಜೊತೆಗೆ ನಿಂತು ಫೋಟೊ ತೆಗೆಸಿಕೊಳ್ಳುವುದೂ ಉಂಟು. ಶಾಲು ಒಳ್ಳೆಯದೇ. ಆದರೆ ಅವರನ್ನು ಕೂರಿಸಿ ಮಾತಾಡಿಸಿ, ಆ ಮಾತನ್ನು ದಾಖಲಿಸಿ ಕಾಪಿಡುವ ಕೆಲಸ ಬೇರೆಯೇ ಇದೆ. ಅದಕ್ಕೆ ಈಗ ಆತುರವೂ ಇದೆ.

ನಾನು ಸಿರುಗುಪ್ಪ ತಾಲ್ಲೂಕಿನ ದೇಶನೂರಿನವ, ಗ್ಯಾರೇಜಿನಲ್ಲೇ ಬದುಕು ಸವೆಸಿದವ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಚೈನಿಗೆ ಮೆತ್ತಿಕೊಂಡರೆ ಗಾಡಿ ಕೆಲಸ ಕೆಟ್ಟಿತೆಂದೇ ಲೆಕ್ಕ. ಜಾವಾದ ಚೈನ್ ಪೂರ್ತಿ ತಗಡಿನ ಕವರಿನೊಳಗೆ ಇರುತ್ತಿತ್ತು. ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಗೇರ್ ಒತ್ತಿದರೆ ಸಾಕು, ಕೈ ಹಚ್ಚದೆಯೂ ಕ್ಲಚ್ ತಾನೇ ಬಿಡುತ್ತಿತ್ತು. ಎಂಜಿನ್ ಬಿಚ್ಚಿದಾಗಲೆಲ್ಲ ಮೈಸೂರಿನ ಯಾರದೋ ಕೈಕೆಲಸ ನನ್ನ ಕೈಗೆ ಸಿಗುತ್ತಿತ್ತು. ಆ ಮನುಷ್ಯ ಮಾತ್ರ ಸಿಗಲಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ತೊಡಗಿದ್ದು 1961ರಲ್ಲಿ. ತಂತ್ರಜ್ಞಾನ ಚೆಕೊಸ್ಲೊವಾಕಿಯಾದ್ದು, ಬೆನ್ನಿಗೆ ಜಯಚಾಮರಾಜ ಒಡೆಯರ್ ಇದ್ದರು. 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದ ಮೇಲೆ ಜನ ಮೈಲೇಜ್ ಲೆಕ್ಕ ಹಾಕತೊಡಗಿದರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. 1961ರಲ್ಲಿ ಇಪ್ಪತ್ತರ ಹುಡುಗನಾಗಿ ಗೇಟಿನೊಳಗೆ ಕಾಲಿಟ್ಟವರಿಗೆ ಈಗ ಎಂಬತ್ತು ದಾಟಿದೆ.

ಕಂಪನಿಯ ಕಥೆ, ಮಾಲೀಕರಾದ ಇರಾನಿ ಕುಟುಂಬದ ಕಥೆ, ಮಾಡೆಲ್‌ಗಳ ಪಟ್ಟಿ ಎಲ್ಲವೂ ಸಿಗುತ್ತವೆ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇರಬೇಕೆಂದು ಕೈಪಿಡಿಯೇ ಹೇಳುತ್ತದೆ. ಹೊಸ ಹುಡುಗನಿಗೆ ಆ ಗ್ಯಾಪ್ ಇಡಲು ಕಲಿಸಿದವರು ಯಾರು, ರಾತ್ರಿ ಪಾಳಿಯಲ್ಲಿ ಕ್ಯಾಂಟೀನಿನಲ್ಲಿ ಏನು ಸಿಗುತ್ತಿತ್ತು, ಯೂನಿಯನ್ ಸಭೆಯಲ್ಲಿ ಯಾರು ಎದ್ದು ನಿಂತು ಕೇಳುತ್ತಿದ್ದರು, ಗೇಟಿಗೆ ಬೀಗ ಬಿದ್ದ ಮೇಲೆ ಮಕ್ಕಳ ಫೀಸು ಹೇಗೆ ಕಟ್ಟಿದರು? ಇವು ಕೈಪಿಡಿಯಲ್ಲಿಲ್ಲ. ಮನೆ ನಡೆಸಿದ ಹೆಂಗಸರ ಲೆಕ್ಕವಂತೂ ಎಲ್ಲೂ ಇಲ್ಲ.

ಇಂಥ ದಾಖಲಾತಿಗೆ ನಾನು ಒಂದು ಷರತ್ತು ಹಾಕುತ್ತೇನೆ. ಪ್ರಶ್ನೆ ಕೇಳುವವರಲ್ಲಿ ಒಬ್ಬರಾದರೂ ಆ ಕೆಲಸ ಬಲ್ಲವರಿರಬೇಕು. ‘ಕೆಲಸ ಹೇಗಿತ್ತು ಸಾರ್?’ ಎಂದರೆ ‘ಚೆನ್ನಾಗಿತ್ತಪ್ಪ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಯಜಮಾನ್ರೇ, ಕ್ರ್ಯಾಂಕಿನ ಓಲಾಟ ತೆಗೆಯೋಕೆ ಸುತ್ತಿಗೇಲಿ ಎಲ್ಲಿ ಹೊಡೀತಿದ್ರಿ?’ ಎಂದು ಕೇಳಿ ನೋಡಿ. ಬಾಯಿಗಿಂತ ಮುಂಚೆ ಕೈ ಮಾತಾಡುತ್ತದೆ. ಡಯಲ್ ಗೇಜಿನ ಮುಳ್ಳು ನೋಡುತ್ತ ಎಷ್ಟು ಪೆಟ್ಟು, ಎಷ್ಟು ಮೆತ್ತಗೆ ಎಂಬುದು ಹೊರಬರುತ್ತದೆ. ಹಾಗಾಗಿ ಸಂಶೋಧನಾ ವಿದ್ಯಾರ್ಥಿಯ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರಲಿ, ಅವನಿಗೂ ದಿನದ ಕೂಲಿ ಸಿಗಲಿ.

ಬಾಯಿಮಾತಿನ ಬೆಲೆ ನಮ್ಮ ಬಳ್ಳಾರಿ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಅಕ್ಷರ ಬಾರದ ದರೋಜಿ ಈರಮ್ಮ ಬುರ್ರಕಥೆಯ ಕಾವ್ಯಗಳನ್ನು ನೆನಪಿನಲ್ಲೇ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಹಾಡಿದವರ ನೆನಪಿಗೆ ಕೊಟ್ಟ ಮರ್ಯಾದೆ ದುಡಿದವರ ನೆನಪಿಗೂ ಸಲ್ಲಬೇಕು.

‘ವಯಸ್ಸಾದವರ ನೆನಪು ನಂಬುವುದು ಹೇಗೆ?’ ಎಂಬ ಪ್ರಶ್ನೆ ಬರುತ್ತದೆ. ಇಸವಿ ತಪ್ಪಬಹುದು, ಹೆಸರು ಅದಲುಬದಲಾಗಬಹುದು. ಟ್ರಂಕಿನಲ್ಲಿರುವ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಕಾಗದಗಳ ಪಕ್ಕದಲ್ಲಿಟ್ಟು ತಾಳೆ ನೋಡಿದರಾಯಿತು. ಮಾತಿನ ಜೊತೆ ಆ ಕಾಗದಗಳ ಪ್ರತಿಯನ್ನೂ ತೆಗೆದಿಡಬೇಕು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ರೂಥರ್ ಗ್ರಂಥಾಲಯ ಕಾರು ಕಾರ್ಮಿಕರ ಯೂನಿಯನ್ ಕಾಗದಗಳನ್ನೂ ಅವರ ಬಾಯಿಮಾತನ್ನೂ ಒಟ್ಟಿಗೇ ಇಟ್ಟುಕೊಂಡಿದೆ. ನೊಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲೂ ಭಾರತದ ಕಾರ್ಮಿಕರ ದಾಖಲೆಗಳ ಸಂಗ್ರಹವಿದೆ.

ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಜಾವಾ ಕಾರ್ಮಿಕರಿಂದ ಶುರು ಮಾಡಲಿ. ಹೇಳಿದವರ ಒಪ್ಪಿಗೆ ಪಡೆದು, ಅವರ ಆಡುಮಾತನ್ನು ತಿದ್ದದೆ ಬರೆದಿಟ್ಟು, ಒಂದು ಪ್ರತಿ ಅವರ ಮನೆಗೂ ಕೊಡಲಿ. ನಮ್ಮ ಕಡೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ದೇಶನೂರಿನ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರನ್ನು ಮಾತಾಡಿಸಲಿ. ಪಾಕ ಕುದಿಯುವಾಗ ಗಾಜಿನ ಚೂರಿನ ಮೇಲೆ ಹನಿ ಇಟ್ಟು ಸಕ್ಕರೆ ಕಾಳು ಕಟ್ಟಿದ್ದನ್ನು ಗುರುತಿಸುವ ಪ್ಯಾನ್‌ಮನ್ನನ ಕಣ್ಣಿಗೂ ಒಂದು ಕಥೆಯಿದೆ. ಹಳೆಯ ಗಾಡಿಯ ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ಸುರಿಯುವ ಅಭಿಮಾನಿ ಸಂಘಗಳು ಇದರ ಖರ್ಚಿನಲ್ಲಿ ಪಾಲು ಹಾಕಬೇಕು. ಪಿಸ್ಟನ್ ಸವೆದರೆ ಇನ್ನೊಂದು ಮಾಡಿಸಬಹುದು. ಎಂಬತ್ತು ದಾಟಿದ ಫಿಟ್ಟರ್‌ಗೆ ಬದಲಿ ಇಲ್ಲ.