ದಾರಿ ತಪ್ಪುವ ಮಿಂಚಂಚೆ

ಸೇಡಮಿನ ವಿಳಾಸಕ್ಕೆ ಬಂದ ಕಾಗದವನ್ನು, ವಿಳಾಸದಾರನು ಕಲಬುರಗಿಗೆ ಹೋಗಿರುವನೆಂದು ತಿಳಿದರೆ, ಅಂಚೆಯವರು ಹೊಸ ವಿಳಾಸ ಬರೆದು ಮುಂದಕ್ಕೆ ಕಳುಹಿಸುವುದುಂಟು. ಸುತ್ತುದಾರಿಯಿಂದ ಬಂದಿತೆಂಬ ಮಾತ್ರಕ್ಕೆ ಅದನ್ನು ಯಾರೂ ಕಳ್ಳಕಾಗದವೆಂದು ಎಣಿಸರು. ಮಿಂಚಂಚೆಯಲ್ಲಿ ಈಗ ಹಾಗಲ್ಲ. ಸೇಡಂ, ಚಿತ್ತಾಪುರಗಳ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಿಳಾಸಕ್ಕೆ ಬಂದುದೆಲ್ಲವೂ ಸ್ವಂತ ವಿಳಾಸಕ್ಕೆ ತಾನಾಗಿ ಸಾಗಲೆಂದು ಏರ್ಪಡಿಸಿಕೊಂಡಿದ್ದರೆ, ಉದ್ಯೋಗದ ಸಂದರ್ಶನದ ಕರೆಯೇ ನಡುದಾರಿಯಲ್ಲಿ ಕಳೆದುಹೋಗಬಹುದು. ಇದೇಕೆ?

1982ರಲ್ಲಿ ಮಿಂಚಂಚೆಯ ಸಾಗಣೆಯ ನಿಯಮಗಳು ಪ್ರಕಟವಾದಾಗ ಕಳುಹಿಸುವವನ ಹೆಸರನ್ನು ಪರೀಕ್ಷಿಸುವ ಕ್ರಮ ಅವುಗಳಲ್ಲಿರಲಿಲ್ಲ. ಯಾರು ಯಾರ ಹೆಸರಿನಲ್ಲಾದರೂ ಬರೆಯಬಹುದಾಗಿತ್ತು. ಮೋಸದ ಪತ್ರಗಳು ಹೆಚ್ಚಿದ ಮೇಲೆ ಮೂರು ಕಾವಲುಗಳು ಹುಟ್ಟಿದುವು. ಮೊದಲನೆಯದು ಎಸ್‌ಪಿಎಫ್: ತನ್ನ ಹೆಸರಿನಲ್ಲಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದೆಂದು ಸಂಸ್ಥೆಯು ಪ್ರಕಟಿಸುವ ಪಟ್ಟಿ. ಎರಡನೆಯದು ಡಿಕಿಮ್: ಪತ್ರದ ಮೇಲೆ ಒತ್ತುವ ಗಣಿತದ ಮುದ್ರೆ; ಮುದ್ರೆಗೊಳಪಟ್ಟ ಒಂದಕ್ಷರವನ್ನು ತಿದ್ದಿದರೂ ಅದು ಒಡೆಯುವುದು. ಮೂರನೆಯದು 2012ರಲ್ಲಿ ಬಂದ ಡಿಮಾರ್ಕ್: ಇವೆರಡರಲ್ಲಿ ಒಂದೂ ಪತ್ರದಲ್ಲಿ ಕಾಣುವ ಹೆಸರಿಗೆ ಹೊಂದದಿದ್ದರೆ ಏನು ಮಾಡಬೇಕೆಂದು ಆ ಹೆಸರಿನ ಒಡೆಯನೇ ಕೊಡುವ ಆದೇಶ.

ಪತ್ರವನ್ನು ಮುಂದೆ ಸಾಗಿಸುವ ಕಾಲೇಜಿನ ಯಂತ್ರವು ಕಂಪೆನಿಯ ಪಟ್ಟಿಯಲ್ಲಿ ಇರುವುದಿಲ್ಲವಷ್ಟೆ. ಆದುದರಿಂದ ಮೊದಲನೆಯ ಪರೀಕ್ಷೆ ಸೋಲುವುದು. ಹೊದಿಕೆಯ ಮೇಲಣ ವಿಳಾಸವನ್ನು ಆ ಯಂತ್ರವು ತನ್ನದಾಗಿ ಬದಲಿಸಿಕೊಂಡರೆ ಪರೀಕ್ಷೆ ಗೆಲ್ಲುವುದು ನಿಜ. ಆದರೆ ಒಳಗೆ ಕಾಣುವ ಹೆಸರಿಗೆ ಅದು ಹೊಂದದು. ಉಳಿದುದು ಮುದ್ರೆಯೊಂದೇ. ಕಂಪೆನಿಯು ಮುದ್ರೆಯನ್ನೇ ಒತ್ತದಿದ್ದರೆ, ಅಥವಾ ‘ಇದು ಹೊರಗಿನ ಪತ್ರ’ ಎಂಬ ಎಚ್ಚರಿಕೆಯ ಸಾಲನ್ನು ದಾರಿಯ ಯಂತ್ರವು ಸೇರಿಸಿದರೆ, ನಿಜವಾದ ಪತ್ರವೂ ಕಳ್ಳಪತ್ರವೆನಿಸುವುದು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು ‘ತಿರಸ್ಕರಿಸಿರಿ’ ಎಂಬ ಆದೇಶ ಹೊರಡಿಸಿದಾಗ ಲೋಕದ ಅನೇಕ ಚರ್ಚಾಕೂಟಗಳ ಅಂಚೆ ಅಸ್ತವ್ಯಸ್ತವಾಯಿತು. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂಗಳು ಬಹುಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿವೆ.

ಕಾವಲೇ ಬೇಡವೆಂದು ನಾವು ಹೇಳುವುದಿಲ್ಲ. ಬ್ಯಾಂಕಿನ ಹೆಸರಿನ ಒಂದು ಸುಳ್ಳುಪತ್ರವು ಸಂಸಾರವೊಂದರ ಉಳಿತಾಯವನ್ನೇ ನುಂಗಬಲ್ಲುದು. ಆದರೆ ಕಳ್ಳನಿಗೆಂದು ಹಾಕಿದ ಅಗಳಿ ಮನೆಯವನನ್ನೇ ಹೊರಗೆ ನಿಲ್ಲಿಸಬಾರದು. ಕಳುಹಿಸುವ ಸಂಸ್ಥೆಗಳು ಪಟ್ಟಿಯೊಂದನ್ನೇ ನೆಚ್ಚದೆ ಮುದ್ರೆಯನ್ನೂ ಒತ್ತತಕ್ಕದ್ದು. ಸಾಗಿಸುವವರು ಪತ್ರದ ಅಕ್ಷರಗಳನ್ನು ಮುಟ್ಟಬಾರದು. ಇಷ್ಟನ್ನು ನಡೆಸಲಾರದ ಕಾಲೇಜು, ಸಾಗಣೆಯ ಸೌಕರ್ಯವನ್ನು ಕೊಡದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ತಿರಸ್ಕಾರದ ಸುದ್ದಿ ಬಂದರೂ ಅದು ಕಾಯುತ್ತಿರುವ ವಿದ್ಯಾರ್ಥಿಗೆ ಬರುವುದಲ್ಲ. ಆದಕಾರಣ ವಿದ್ಯಾರ್ಥಿಗಳು ತಾವು ನಿತ್ಯವೂ ತೆರೆಯುವ ವಿಳಾಸವನ್ನೇ ಅರ್ಜಿಗಳಲ್ಲಿ ಬರೆಯಲಿ. ಕಾಲೇಜಿನ ಮೂಲ ಪೆಟ್ಟಿಗೆಯನ್ನೂ ಆಗಾಗ್ಗೆ ತೆರೆದು ನೋಡಲಿ.